ಒಂದು ನಿಮಿಷದ ಹೇಳಿಕೆ, 139 ಪುಟದ ತೀರ್ಪು: ಡೋವರ್ ಪ್ರಕರಣ

ಓದಿ ಮುಗಿಸಲು ಒಂದು ನಿಮಿಷ ಸಾಕು, ಅಷ್ಟೇ ಉದ್ದದ ನಾಲ್ಕು ಪ್ಯಾರಾ. ಒಂಬತ್ತನೇ ತರಗತಿಯಲ್ಲಿ ಜೀವ ವಿಕಾಸದ ಪಾಠ ಶುರುವಾಗುವ ಮುನ್ನ ಅದನ್ನು ಮಕ್ಕಳಿಗೆ ಓದಿಹೇಳಬೇಕೆಂದು ಶಾಲಾ ಮಂಡಳಿ ಆದೇಶಿಸಿತು. ವಿಜ್ಞಾನ ಶಿಕ್ಷಕರು ಓದುವುದಿಲ್ಲವೆಂದು ಬರೆದುಕೊಟ್ಟರು. ಕೊನೆಗೆ 2005ರ ಜನವರಿ 18ರಂದು ಆಡಳಿತ ವಿಭಾಗದ ಅಧಿಕಾರಿಗಳೇ ತರಗತಿಗೆ ಬಂದು ಓದಿ ಹೋದರು. ಅಷ್ಟು ಹೊತ್ತಿಗೆ ಹನ್ನೊಂದು ಮಂದಿ ಪೋಷಕರು ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿಯಾಗಿತ್ತು.

ಊರು ಡೋವರ್, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಕೌಂಟಿಯಲ್ಲಿದೆ. ಅಲ್ಲಿ 'ಶಾಲಾ ಜಿಲ್ಲೆ' ಎಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಕೆಲವು ಊರುಗಳ ಸರ್ಕಾರಿ ಶಾಲೆಗಳನ್ನು ಒಂಬತ್ತು ಜನರ ಚುನಾಯಿತ ಮಂಡಳಿ ನಡೆಸುತ್ತದೆ, ಪಠ್ಯಪುಸ್ತಕ ಕೊಳ್ಳುವುದೂ ಅದೇ ಮಂಡಳಿ. ಡೋವರ್ ಜಿಲ್ಲೆಯಲ್ಲಿ ಆಗ ಸುಮಾರು 3,700 ವಿದ್ಯಾರ್ಥಿಗಳಿದ್ದರು, ಅವರಲ್ಲಿ ಸುಮಾರು 1,000 ಮಂದಿ ಪ್ರೌಢಶಾಲೆಯಲ್ಲಿ. ಜೀವ ವಿಕಾಸ ಕಲಿಸಲೇಬೇಕು ಎನ್ನುವುದು ರಾಜ್ಯದ ಪಠ್ಯ ಮಾನದಂಡ. ಹಾಗಾಗಿ ಪಾಠವನ್ನು ಕಿತ್ತುಹಾಕುವ ಅಧಿಕಾರ ಮಂಡಳಿಗೆ ಇರಲಿಲ್ಲ. ಪಾಠದ ಬಾಗಿಲಲ್ಲಿ ಒಂದು ಎಚ್ಚರಿಕೆ ಫಲಕ ನೇತುಹಾಕುವ ದಾರಿಯನ್ನು ಅದು ಹಿಡಿದದ್ದು ಅದಕ್ಕೇ.

ಹೇಳಿಕೆಯಲ್ಲಿ ಏನಿತ್ತು

ಮೊದಲ ಪ್ಯಾರಾ: ರಾಜ್ಯದ ಮಾನದಂಡದ ಪ್ರಕಾರ ಡಾರ್ವಿನ್ ಸಿದ್ಧಾಂತ ಕಲಿಯಬೇಕು, ಅದರ ಮೇಲೆ ಪರೀಕ್ಷೆಯೂ ಇರುತ್ತದೆ. ಎರಡನೆಯದು: ಅದು ಥಿಯರಿ, ಸತ್ಯಾಂಶವಲ್ಲ, ಪುರಾವೆಯಿಲ್ಲದ ಕಂದರಗಳು ಅದರಲ್ಲಿವೆ. ಮೂರನೆಯದು: ಡಾರ್ವಿನ್ನನಿಗಿಂತ ಬೇರೆ ವಿವರಣೆ ಕೊಡುವ ಇಂಟೆಲಿಜೆಂಟ್ ಡಿಸೈನ್ (ಬುದ್ಧಿಶಕ್ತಿಯ ವಿನ್ಯಾಸ) ಎನ್ನುವುದೊಂದಿದೆ, ಆಸಕ್ತರು 'ಆಫ್ ಪಾಂಡಾಸ್ ಅಂಡ್ ಪೀಪಲ್' ಎಂಬ ಆಕರ ಪುಸ್ತಕ ನೋಡಬಹುದು. ನಾಲ್ಕನೆಯದು: ಮನಸ್ಸು ತೆರೆದಿಡಿ, ಜೀವದ ಮೂಲದ ಚರ್ಚೆಯನ್ನು ಮನೆಯವರೊಂದಿಗೆ ಮಾಡಿಕೊಳ್ಳಿ.

ಮೇಲ್ನೋಟಕ್ಕೆ ಸಾಧು ಮಾತು. ವಿಜ್ಞಾನ ಬಲ್ಲವರಿಗೆ ಚುಚ್ಚಿದ್ದು ಎರಡನೇ ಪ್ಯಾರಾ. ಇಡೀ ವರ್ಷದ ಜೀವಶಾಸ್ತ್ರದಲ್ಲಿ ಕೋಶ ಸಿದ್ಧಾಂತಕ್ಕೆ, ರೋಗಾಣು ಸಿದ್ಧಾಂತಕ್ಕೆ ಇಲ್ಲದ ಎಚ್ಚರಿಕೆ ಇದೊಂದಕ್ಕೇ ಯಾಕೆ? ಅದೇ ಹೇಳಿಕೆ ಮುಂದುವರಿದು, ಥಿಯರಿ ಎಂದರೆ 'ಚೆನ್ನಾಗಿ ಪರೀಕ್ಷೆಗೊಳಗಾದ, ಅನೇಕ ವೀಕ್ಷಣೆಗಳನ್ನು ಒಟ್ಟುಗೂಡಿಸುವ ವಿವರಣೆ' ಎಂದು ಸರಿಯಾದ ವ್ಯಾಖ್ಯೆಯನ್ನೂ ಕೊಡುತ್ತದೆ, ಅಂದರೆ ಮೇಲಿನ ಸಾಲಿಗೆ ಕೆಳಗಿನ ಸಾಲೇ ಎದುರು. ಕನ್ನಡದಲ್ಲಿ ಈ ಗೊಂದಲ ಇನ್ನೊಂದು ವೇಷದಲ್ಲಿ ಬರುತ್ತದೆ. 'ಸಿದ್ಧಾಂತ' ಎಂದರೆ ಸಿದ್ಧವಾದ ಅಂತ್ಯ, ತೀರ್ಮಾನವಾದ ಮಾತು. ಆ ಪದ ವಿಜ್ಞಾನದ ಅರ್ಥಕ್ಕೆ ಇಂಗ್ಲಿಷಿನ ಆಡುಮಾತಿನ 'ಥಿಯರಿ'ಗಿಂತ ಹತ್ತಿರ. ಆದರೆ ನಾವು ಎಷ್ಟೋ ಕಡೆ ಬರೆಯುವುದು 'ವಿಕಾಸವಾದ' ಎಂದು. 'ವಾದ' ಅಂದ ಮೇಲೆ ಪ್ರತಿವಾದ ಇರಲೇಬೇಕಲ್ಲ ಎಂದು ಓದುಗ ಕೇಳಿದರೆ ತಪ್ಪು ಅವನದಲ್ಲ. ಗುರುತ್ವಾಕರ್ಷಣೆಗೆ ಯಾರೂ 'ಗುರುತ್ವವಾದ' ಎಂದು ಹೆಸರಿಟ್ಟಿಲ್ಲ. 'ಜೀವ ವಿಕಾಸ' ಎಂದು ನಿಲ್ಲಿಸುವುದೇ ಲೇಸು.

ಹೇಳಿಕೆಯನ್ನು ಓದುವ ಕ್ರಮದಲ್ಲೂ ಒಂದು ಹುಳುಕಿತ್ತು. ಓದಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವಂತಿಲ್ಲ, ಶಿಕ್ಷಕರು ಉತ್ತರಿಸುವಂತಿಲ್ಲ. ಬೇಡವೆನ್ನುವ ಮಗು ಪೋಷಕರ ಒಪ್ಪಿಗೆಯೊಂದಿಗೆ ಹೊರಗೆ ಹೋಗಬಹುದು. ಯಾವ ವಿಜ್ಞಾನದ ಪಾಠಕ್ಕೆ ಇಂಥ ಏರ್ಪಾಟು ಇರುತ್ತದೆ? ವಿಜ್ಞಾನ ಬೋಧನೆಯ ತಜ್ಞ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಬ್ರಯಾನ್ ಆಲ್ಟರ್ಸ್ ನ್ಯಾಯಾಲಯದಲ್ಲಿ ಇದನ್ನೇ ಬಿಡಿಸಿಟ್ಟರು.

ವೇಷ ಬದಲಾದ ದಾರಿ

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ: ವಿಕಾಸದ ಪಾಠಕ್ಕೆ ನಿಷೇಧ ಹೇರುವ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ರದ್ದು ಮಾಡಿತು. ನಿಷೇಧ ಸಾಧ್ಯವಿಲ್ಲ ಎಂದಾದಾಗ, ಜೀವಿಗಳನ್ನು ದೇವರೇ ಸೃಷ್ಟಿಸಿದನೆಂಬ ಸೃಷ್ಟಿವಾದಕ್ಕೆ ವಿಜ್ಞಾನದ ವೇಷ ತೊಡಿಸಿದ 'ಸೃಷ್ಟಿ ವಿಜ್ಞಾನ'ಕ್ಕೂ ಸಮಪಾಲು ಕೊಡಿ ಎಂಬ ಕಾನೂನುಗಳು ಬಂದವು. ಅರ್ಕಾನ್ಸಾಸ್ ರಾಜ್ಯದ್ದು 1982ರಲ್ಲಿ ಬಿತ್ತು, ಲೂಯಿಸಿಯಾನದ್ದು 1987ರ ಜೂನ್ 19ರಂದು ಸುಪ್ರೀಂ ಕೋರ್ಟಿನಲ್ಲೇ 7–2 ಬಹುಮತದಲ್ಲಿ ಬಿತ್ತು. ಆ ಕೊನೆಯ ಮೊಕದ್ದಮೆಯಲ್ಲಿ 72 ನೊಬೆಲ್ ಪುರಸ್ಕೃತರು, 17 ರಾಜ್ಯ ವಿಜ್ಞಾನ ಅಕಾಡೆಮಿಗಳು ಮತ್ತು 7 ಇತರ ವಿಜ್ಞಾನ ಸಂಸ್ಥೆಗಳು ಸೇರಿ ನ್ಯಾಯಾಲಯಕ್ಕೆ ಜಂಟಿ ಮನವಿ ಕೊಟ್ಟಿದ್ದವು. ಸೃಷ್ಟಿವಾದ ಧಾರ್ಮಿಕ ನಂಬಿಕೆ, ಸರ್ಕಾರಿ ಶಾಲೆಯ ವಿಜ್ಞಾನ ತರಗತಿಯಲ್ಲಿ ಅದನ್ನು ಕಲಿಸಿದರೆ, ಸರ್ಕಾರ ಯಾವ ಧರ್ಮದ ಪರವೂ ನಿಲ್ಲಕೂಡದೆನ್ನುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಆಮೇಲೆ ಬಂದದ್ದು ಇಂಟೆಲಿಜೆಂಟ್ ಡಿಸೈನ್. ಜೀವಿಗಳ ಹಿಂದೆ ಯಾವುದೋ ಒಂದು ಬುದ್ಧಿಶಕ್ತಿಯ ವಿನ್ಯಾಸವಿದೆ, ಆ ಬುದ್ಧಿಶಕ್ತಿ ಯಾರದೆಂದು ನಾವು ಹೇಳುವುದಿಲ್ಲ ಎನ್ನುವ ನಿಲುವು ಅದು. ಇಲ್ಲಿ ಅದನ್ನು ವಿನ್ಯಾಸವಾದ ಎನ್ನೋಣ. ಇಲ್ಲಿ 'ವಾದ' ಸರಿಯಾಗಿಯೇ ಕೂರುತ್ತದೆ.

ಡೋವರ್‌ನಲ್ಲಿ ಶಿಕ್ಷಕರು ಎಡವಿದ್ದೆಲ್ಲಿ

2004ರ ಬೇಸಿಗೆಯಲ್ಲಿ ಜಗಳ ಶುರುವಾದದ್ದು ಒಂದು ಮಾಮೂಲಿ ಖರೀದಿಯಿಂದ. ಕೆನೆತ್ ಮಿಲ್ಲರ್ ಮತ್ತು ಜೋಸೆಫ್ ಲೆವಿನ್ ಬರೆದ 'ಬಯಾಲಜಿ' ಪಠ್ಯಪುಸ್ತಕದ ಹೊಸ ಆವೃತ್ತಿ ಬೇಕೆಂದು ವಿಜ್ಞಾನ ವಿಭಾಗ ಕೇಳಿತು. ಪುಸ್ತಕದ ತುಂಬ ಡಾರ್ವಿನ್ನನೇ ಇದ್ದಾನೆಂದು ಪಠ್ಯ ಸಮಿತಿಯ ಮುಖ್ಯಸ್ಥರಾಗಿದ್ದ ಮಂಡಳಿ ಸದಸ್ಯರು ಆಕ್ಷೇಪಿಸಿದರು. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬರು ಶಿಲುಬೆಯ ಮೇಲೆ ಪ್ರಾಣಬಿಟ್ಟರು, ಅವರ ಪರವಾಗಿ ನಿಲ್ಲುವವರು ಯಾರೂ ಇಲ್ಲವೇ ಎಂಬರ್ಥದ ಮಾತನ್ನು ಅವರು ಜೂನ್ ತಿಂಗಳ ಬಹಿರಂಗ ಸಭೆಯಲ್ಲಿ ಆಡಿದರು. ಸ್ಥಳೀಯ ಪತ್ರಿಕೆಗಳ ಇಬ್ಬರು ವರದಿಗಾರರು ಆ ಸಭೆಗಳನ್ನು ವರದಿ ಮಾಡುತ್ತಿದ್ದರು. ಆಗಸ್ಟ್ 2ರ ಮತದಾನದಲ್ಲಿ 'ಪಾಂಡಾಸ್' ಇಲ್ಲದೆ 'ಬಯಾಲಜಿ' ಇಲ್ಲ ಎಂಬ ಪಟ್ಟು ಬಿದ್ದು ಮೊದಲು 4–4 ಸಮ ಬಂತು, ಒಬ್ಬರು ಮತ ಬದಲಿಸಿದ ಮೇಲಷ್ಟೇ ಪಠ್ಯಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿತು.

ಪುಸ್ತಕ ಸಿಕ್ಕರೆ ಸಾಕೆಂದು ಶಿಕ್ಷಕರು ಆ ತಿಂಗಳುಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿದರು: ಡಾರ್ವಿನ್ ಸಿದ್ಧಾಂತದ ಸಮಸ್ಯೆಗಳನ್ನೂ ಹೇಳುತ್ತೇವೆ, 'ಪಾಂಡಾಸ್' ಆಕರ ಪುಸ್ತಕವಾಗಿ ಇರಲಿ ಬಿಡಿ. ಪ್ರತಿ ರಿಯಾಯಿತಿಯೂ ಮುಂದಿನ ಬೇಡಿಕೆಗೆ ಮೆಟ್ಟಿಲಾಯಿತು. ಅಕ್ಟೋಬರ್ 18ರಂದು 6–3 ಮತದಿಂದ ವಿನ್ಯಾಸವಾದದ ಹೆಸರೆತ್ತಿದ ನಿರ್ಣಯ ಪಾಸಾಯಿತು. ನವೆಂಬರ್ 19ರಂದು, ಜನವರಿಯಿಂದ ಹೇಳಿಕೆ ಓದಬೇಕೆಂಬ ಪ್ರಕಟಣೆ ಹೊರಬಿತ್ತು. ಶಿಕ್ಷಕರೂ ಒಪ್ಪಿದ್ದರಲ್ಲ ಎಂದು ಮಂಡಳಿಯ ಕಡೆಯವರು ಆಮೇಲೆ ವಾದಿಸಲು ಬಂದದ್ದು ಈ ರಿಯಾಯಿತಿಗಳ ಬಲದಿಂದಲೇ. ಇಂಥ ಸನ್ನಿವೇಶದಲ್ಲಿ ಸಿಕ್ಕಿಕೊಂಡ ಶಿಕ್ಷಕರು ಮೊದಲ ಸಭೆಯಿಂದಲೇ ತಮ್ಮ ಆಕ್ಷೇಪಣೆಯನ್ನು ದಿನಾಂಕ ಹಾಕಿ ಬರಹದಲ್ಲಿ ಕೊಡುವುದು ಒಳ್ಳೆಯದು.

ಗೆರೆ ಎಳೆದದ್ದು ಡೋವರ್ ಶಿಕ್ಷಕರ 2005ರ ಜನವರಿ 6ರ ಪತ್ರ. ವಿನ್ಯಾಸವಾದ ವಿಜ್ಞಾನವಲ್ಲ, ಜೀವಶಾಸ್ತ್ರವಲ್ಲ, ಒಪ್ಪಿತ ವೈಜ್ಞಾನಿಕ ಸಿದ್ಧಾಂತವೂ ಅಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದರು. ಜೊತೆಗೆ ರಾಜ್ಯದ ಶಿಕ್ಷಕರ ವೃತ್ತಿ ಸಂಹಿತೆಯ ಒಂದು ಕಲಮನ್ನು ತೋರಿಸಿದರು: ಶಿಕ್ಷಕರು ಪಾಠದ ವಿಷಯವನ್ನು ಗೊತ್ತಿದ್ದೂ ಗೊತ್ತಿದ್ದೂ ತಪ್ಪಾಗಿ ಹೇಳಕೂಡದು. ಇಲ್ಲಿ ಶಿಕ್ಷಕರ ಜಾಣತನವಿದೆ. 'ನಮಗೆ ಒಪ್ಪಿಗೆಯಿಲ್ಲ' ಎಂದಿದ್ದರೆ ಅವಿಧೇಯತೆಯಾಗುತ್ತಿತ್ತು. 'ಓದಿದರೆ ನಿಯಮ ಮುರಿದಂತೆ' ಎಂದದ್ದರಿಂದ ಶಿಸ್ತುಕ್ರಮದ ಬಾಗಿಲು ಮುಚ್ಚಿತು.

ವೇದಿಕೆಯ ಆಯ್ಕೆ

ಅದೇ 2005ರ ಮೇ ತಿಂಗಳಲ್ಲಿ ಕಾನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ವಿಜ್ಞಾನದ ಮಾನದಂಡಗಳ ಬಗ್ಗೆ ವಿಚಾರಣೆ ಕರೆಯಿತು. ವಿಜ್ಞಾನಿಗಳ ಸಂಘಟನೆಗಳು ಬಹಿಷ್ಕರಿಸಿದವು. ತೀರ್ಪು ಕೊಡುವವರು ಮೊದಲೇ ಪಕ್ಷ ಹಿಡಿದಿದ್ದರು. ಅಲ್ಲಿಗೆ ಹೋಗುವುದೆಂದರೆ ಎರಡು ಕಡೆಯೂ ಸಮತೂಕದ ವಿಜ್ಞಾನವಿದೆ ಎಂಬ ಚಿತ್ರಕ್ಕೆ ಚೌಕಟ್ಟು ಹಾಕಿಕೊಟ್ಟಂತೆ. ಡೋವರ್‌ಗೆ ಮಾತ್ರ ದೇಶದ ನಾನಾ ಕಡೆಯ ವಿಜ್ಞಾನಿಗಳು ಬಂದರು. ಎರಡು ಸಂದರ್ಭದಲ್ಲಿ ಎರಡು ನಡೆ ಏಕೆ ಎಂದು ಆಗ ಟೀಕೆ ಕೇಳಿಬಂತು, ಉತ್ತರ ಸರಳ. ಸಾರ್ವಜನಿಕ ಚರ್ಚೆಯಲ್ಲಿ ಒಂದು ನಿಮಿಷದಲ್ಲಿ ಹತ್ತು ತಪ್ಪು ಹೇಳಬಹುದು, ಅವನ್ನು ತಿದ್ದಲು ಹತ್ತು ನಿಮಿಷ ಬೇಕು, ಅಷ್ಟು ಹೊತ್ತಿಗೆ ಗಂಟೆ ಬಾರಿಸುತ್ತದೆ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಬೇಕು, ಪಾಟೀಸವಾಲಿಗೆ ಉತ್ತರಿಸಬೇಕು, ಕೇಳಿದ ದಾಖಲೆ ಒಪ್ಪಿಸಬೇಕು. ಸಂಖ್ಯಾಬಲದ ಆಟದ ವಿಷಯಕ್ಕೆ ಬಂದರೆ, ಡಾರ್ವಿನ್ ಬಗ್ಗೆ ಸಂಶಯವಿರುವ ವಿಜ್ಞಾನಿಗಳೆಂದು ಎದುರಿನವರು ಪಟ್ಟಿ ಪ್ರಕಟಿಸಿದಾಗ, ವಿಕಾಸದ ಬೋಧನೆಯ ಪರ ನಿಲ್ಲುವ ನ್ಯಾಷನಲ್ ಸೆಂಟರ್ ಫಾರ್ ಸೈನ್ಸ್ ಎಜುಕೇಶನ್ ಎಂಬ ಸಂಸ್ಥೆ 2003ರಲ್ಲಿ ವಿಕಾಸವನ್ನು ಒಪ್ಪುವ, ಬರೀ ಸ್ಟೀವ್ ಎಂಬ ಹೆಸರಿನ ವಿಜ್ಞಾನಿಗಳ ಪಟ್ಟಿಯನ್ನೇ ಹೊರಡಿಸಿ ನಗೆಯಲ್ಲೇ ಮುಗಿಸಿತ್ತು.

ಮೊಕದ್ದಮೆ 2004ರ ಡಿಸೆಂಬರ್ 14ರಂದು ದಾಖಲಾಯಿತು, ಹೆಸರು ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್ ಏರಿಯಾ ಶಾಲಾ ಜಿಲ್ಲೆ (ಕಿಟ್ಸ್‌ಮಿಲ್ಲರ್ ಆ ಪೋಷಕರಲ್ಲಿ ಒಬ್ಬರು). ಪೋಷಕರ ಪರವಾಗಿ ಎರಡು ನಾಗರಿಕ ಹಕ್ಕು ಸಂಸ್ಥೆಗಳು ಮತ್ತು ಪೆಪ್ಪರ್ ಹ್ಯಾಮಿಲ್ಟನ್ ಎಂಬ ಕಾನೂನು ಸಂಸ್ಥೆ ಶುಲ್ಕವಿಲ್ಲದೆ ನಿಂತವು. ವಿಜ್ಞಾನದ ಸಲಹೆ ಮೇಲೆ ಹೇಳಿದ ನ್ಯಾಷನಲ್ ಸೆಂಟರ್‌ನದು. ಹೇಳಿಕೆ ಓದುವ ಮೊದಲೇ ತಡೆಯಾಜ್ಞೆ ತರೋಣವೆಂಬ ಯೋಚನೆಯಿತ್ತು. ಆದರೆ ಜನವರಿ 3ರಂದು ಮಂಡಳಿಯವರು ಪ್ರಮಾಣ ಮಾಡಿ, ಸಭೆಗಳಲ್ಲಿ ಸೃಷ್ಟಿವಾದದ ಮಾತೇ ಬಂದಿರಲಿಲ್ಲ ಎಂದರು. ಸಾಕ್ಷ್ಯ ಕೈಯಲ್ಲಿರಲಿಲ್ಲ, ತಡೆಯಾಜ್ಞೆ ಕೈಬಿಟ್ಟರು. ಆ ಜನವರಿಯಲ್ಲಿ ಇದು ಸೋಲಿನಂತೆ ಕಂಡಿತು. ಆದರೆ ಅದೇ ಪ್ರಮಾಣಿತ ಹೇಳಿಕೆಗಳು ಶರತ್ಕಾಲದ ವಿಚಾರಣೆಯಲ್ಲಿ ಮಂಡಳಿಯ ಕುತ್ತಿಗೆಗೇ ಸುತ್ತಿಕೊಂಡವು.

ಸಾಕ್ಷಿಕಟ್ಟೆಯಲ್ಲಿ

ವಿಚಾರಣೆ ಹ್ಯಾರಿಸ್‌ಬರ್ಗ್‌ನಲ್ಲಿ, 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ, ಜ್ಯೂರಿ ಇಲ್ಲದೆ ನ್ಯಾಯಾಧೀಶ ಜಾನ್ ಜೋನ್ಸ್ ಎದುರು ನಡೆಯಿತು. ಅವರು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದ್ದ ರಿಪಬ್ಲಿಕನ್.

ವಿಜ್ಞಾನಿಗಳ ತಂಡ ಕೆಲಸ ಹಂಚಿಕೊಂಡ ರೀತಿಯೇ ಈ ಪ್ರಕರಣದ ತಿರುಳು. ಆರು ತಜ್ಞರಲ್ಲಿ ಜೀವವಿಜ್ಞಾನದವರು ಇಬ್ಬರೇ: ಬ್ರೌನ್ ವಿಶ್ವವಿದ್ಯಾಲಯದ ಕೋಶವಿಜ್ಞಾನಿ ಕೆನೆತ್ ಮಿಲ್ಲರ್, ಬರ್ಕ್ಲಿಯ ಪಳೆಯುಳಿಕೆ ತಜ್ಞ ಕೆವಿನ್ ಪೇಡಿಯನ್. ವಿಜ್ಞಾನ ಯಾವುದು, ಯಾವುದಲ್ಲ ಎಂದು ಹೇಳಲು ತತ್ತ್ವಶಾಸ್ತ್ರಜ್ಞ ರಾಬರ್ಟ್ ಪೆನೋಕ್. ಈ ಚಳವಳಿಯ ಇತಿಹಾಸ ಬಿಚ್ಚಲು ಬಾರ್ಬರಾ ಫಾರೆಸ್ಟ್. ಬೋಧನೆಗೆ ಆಲ್ಟರ್ಸ್. ಆರನೆಯವರು ಜಾನ್ ಹಾಟ್, ಕ್ಯಾಥೊಲಿಕ್ ಧರ್ಮಶಾಸ್ತ್ರಜ್ಞ. ಮಿಲ್ಲರ್ ಕೂಡ ಆಸ್ತಿಕ ಕ್ಯಾಥೊಲಿಕ್. ವಿಕಾಸ ಒಪ್ಪಿದರೆ ದೇವರನ್ನು ಬಿಡಬೇಕು ಎಂಬ ಸಮೀಕರಣವನ್ನು ನಂಬುವವರೇ ಸಾಕ್ಷಿಕಟ್ಟೆಯಲ್ಲಿ ನಿಂತು ಮುರಿದರು. ಇದೇ ಕೆಲಸಕ್ಕೆ ನಾಸ್ತಿಕ ವಾಗ್ಮಿಯೊಬ್ಬರನ್ನು ಕರೆಸಿದ್ದರೆ ವಾದ ಎಷ್ಟೇ ಗಟ್ಟಿಯಿದ್ದರೂ ಎದುರಿನವರ ಕೈಗೆ ಕೋಲು ಕೊಟ್ಟಂತಾಗುತ್ತಿತ್ತು.

ಮಿಲ್ಲರ್ ಮೊದಲು ತಂದದ್ದು ಒಂದು ಲೆಕ್ಕ. ಚಿಂಪಾಂಜಿ, ಗೊರಿಲ್ಲಾಗಳಲ್ಲಿ 24 ಜೊತೆ ವರ್ಣತಂತು, ನಮ್ಮಲ್ಲಿ 23. ಪೂರ್ವಜರು ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಪೂರ್ತಿ ಕಳೆದುಹೋದರೆ ಜೀವ ಉಳಿಯುವುದಿಲ್ಲ, ಹಾಗಾಗಿ ಎರಡು ವರ್ಣತಂತುಗಳು ಬೆಸೆದುಕೊಂಡಿರಬೇಕು. ಬೆಸೆದಿದ್ದರೆ ಗುರುತು ಇರಬೇಕು. ವರ್ಣತಂತುವಿನ ತುದಿಯಲ್ಲಷ್ಟೇ ಇರಬೇಕಾದ ಟಿಟಿಎಜಿಜಿಜಿ ಎಂಬ ಪುನರಾವರ್ತನೆ ನಡುವೆ ಎದುರುಬದುರಾಗಿ ಸಿಗಬೇಕು, ಒಂದು ವರ್ಣತಂತುವಿಗೆ ಒಂದೇ ಇರುವ ಸೆಂಟ್ರೊಮಿಯರ್ ಎಂಬ ಬಿಗಿದ ಭಾಗದ, ಕೆಲಸ ನಿಲ್ಲಿಸಿದ ಎರಡನೇ ಅವಶೇಷವೂ ಸಿಗಬೇಕು. ಮಾನವನ ಎರಡನೇ ವರ್ಣತಂತುವಿನಲ್ಲಿ ಎರಡೂ ಇವೆ. ಅದರ ಪೂರ್ಣ ವಿವರ 'ನೇಚರ್' ಪತ್ರಿಕೆಯಲ್ಲಿ ಬಂದದ್ದು ಅದೇ 2005ರಲ್ಲಿ. ಸಿದ್ಧಾಂತ ಹೇಗೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ ಎಂದು ತೋರಿಸಲು ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ಮಂಡಳಿಯ ಮುಖ್ಯ ತಜ್ಞ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಅವರ ವಾದ ಇಲಿಬೋನಿನದು: ಒಂದು ಭಾಗ ತೆಗೆದರೂ ಬೋನು ಕೆಲಸ ಮಾಡದು, ಜೀವಕೋಶದ ಕೆಲವು ಯಂತ್ರಗಳೂ ಹಾಗೆಯೇ, ಆದ್ದರಿಂದ ಅವು ಹಂತಹಂತವಾಗಿ ಬಂದಿರಲಾರವು. ಬ್ಯಾಕ್ಟೀರಿಯಾದ ಕಶಾಂಗ, ಅಂದರೆ ಅದು ಈಜಲು ಬಳಸುವ ಚಾವಟಿಯಂಥ ಬಾಲ, ಅವರ ಅಚ್ಚುಮೆಚ್ಚಿನ ಉದಾಹರಣೆ. ಮಿಲ್ಲರ್ ಉತ್ತರ: ಕಶಾಂಗದ ಬುಡದ ಸುಮಾರು ಹತ್ತು ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳೇ ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷ ಚುಚ್ಚುವ ಪಿಚಕಾರಿಯಾಗಿ, ಮೂರನೇ ಬಗೆಯ ಸ್ರಾವಕ ವ್ಯವಸ್ಥೆಯಾಗಿ, ದುಡಿಯುತ್ತಿವೆ. ಭಾಗಗಳನ್ನು ತೆಗೆದರೆ ಈಜುವುದು ನಿಲ್ಲಬಹುದು, ಆದರೆ ಉಳಿದದ್ದು ನಿರುಪಯೋಗಿಯಲ್ಲ. ರಕ್ತ ಹೆಪ್ಪುಗಟ್ಟಲು ಪ್ರತಿಯೊಂದು ಅಂಶವೂ ಬೇಕೇ ಬೇಕು ಎನ್ನುವುದಕ್ಕೂ ಡಾಲ್ಫಿನ್‌ಗಳೇ ಅಡ್ಡ ಬಂದವು: ಅವುಗಳಲ್ಲಿ ಹನ್ನೆರಡನೇ ಅಂಶವಿಲ್ಲ, ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ.

ರೋಗನಿರೋಧಕ ವ್ಯವಸ್ಥೆಯ ಉಗಮಕ್ಕೆ ವಿಜ್ಞಾನ ಸಾಹಿತ್ಯದಲ್ಲಿ ಉತ್ತರವಿಲ್ಲ ಎಂದು ಬೀಹಿ 1996ರಲ್ಲೇ ಬರೆದಿದ್ದರು. ಪೋಷಕರ ವಕೀಲ ಎರಿಕ್ ರಾತ್‌ಸ್ಚೈಲ್ಡ್ ಪಾಟೀಸವಾಲಿನಲ್ಲಿ 58 ಸಂಶೋಧನಾ ಲೇಖನ, ಒಂಬತ್ತು ಪುಸ್ತಕ, ಕೆಲವು ಪಠ್ಯಗಳ ಅಧ್ಯಾಯಗಳನ್ನು ಒಂದರ ಮೇಲೊಂದು ಅವರ ಮುಂದೆ ಪೇರಿಸಿದರು. ಇಷ್ಟು ಸಾಲದೆಂದೇ ಬೀಹಿ ಉತ್ತರ. ವಿಜ್ಞಾನಿಗಳು ರಾತ್ರಿ ಕೂತು ವಕೀಲರಿಗೆ ಓದಿಸಿದ ಪಾಠ ಫಲ ಕೊಟ್ಟದ್ದು ಆ ಕ್ಷಣದಲ್ಲಿ. ಇನ್ನೊಂದು ಪ್ರಶ್ನೆಗೆ, ತಮ್ಮ ವ್ಯಾಖ್ಯೆಯಂತೆ ಜ್ಯೋತಿಷವೂ ವೈಜ್ಞಾನಿಕ ಥಿಯರಿಯಾಗುತ್ತದೆ ಎಂದು ಅವರು ಒಪ್ಪಿಕೊಂಡರು. ಅವರ ಸ್ವಂತ ವಿಭಾಗದ ಸಹೋದ್ಯೋಗಿಗಳೇ ವಿನ್ಯಾಸವಾದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಪ್ರಕಟಿಸಿದ್ದರು.

ಕರಡು ಮತ್ತು ಚೆಕ್

ಆದರೂ ಕಟ್ಟಡ ಕುಸಿದದ್ದು ಜೀವಶಾಸ್ತ್ರದಿಂದಲ್ಲ, ಕಾಗದದಿಂದ. 'ಪಾಂಡಾಸ್' ಪುಸ್ತಕದ ಹಿಂದಿನ ಕರಡುಗಳನ್ನು ನ್ಯಾಯಾಲಯದ ಸಮನ್ಸ್ ಮೂಲಕ ಟೆಕ್ಸಾಸ್‌ನ ಪ್ರಕಾಶಕ ಸಂಸ್ಥೆಯಿಂದ ತರಿಸಲಾಯಿತು. 1983ರ ಕರಡಿನ ಹೆಸರೇ 'ಕ್ರಿಯೇಷನ್ ಬಯಾಲಜಿ'. ಫಾರೆಸ್ಟ್ ಕರಡುಗಳನ್ನು ಪಕ್ಕಪಕ್ಕ ಇಟ್ಟು ಓದಿದರು, ಪದಗಳನ್ನು ಎಣಿಸಿದರು. 'ಸೃಷ್ಟಿ ಎಂದರೆ ಜೀವದ ವಿವಿಧ ರೂಪಗಳು ಹಠಾತ್ತನೆ ಆರಂಭವಾದವು, ರೆಕ್ಕೆ ಹುರುಪೆಗಳೊಂದಿಗೆ ಮೀನುಗಳು, ಗರಿ ಕೊಕ್ಕುಗಳೊಂದಿಗೆ ಹಕ್ಕಿಗಳು' ಎನ್ನುವ ವ್ಯಾಖ್ಯೆ ಮುಂದಿನ ಕರಡಿನಲ್ಲೂ ಹೆಚ್ಚುಕಡಿಮೆ ಅದೇ, 'ಸೃಷ್ಟಿ' ಇದ್ದಲ್ಲಿ 'ಇಂಟೆಲಿಜೆಂಟ್ ಡಿಸೈನ್' ಕೂತಿದೆ ಅಷ್ಟೇ. ಇಂಥ ಬದಲಾವಣೆ ಸುಮಾರು 150. ಆದದ್ದು ಯಾವಾಗ? 1987ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂದ ಬೆನ್ನಿಗೆ. ಒಂದು ಕಡೆ ಅವಸರದಲ್ಲಿ 'ಕ್ರಿಯೇಷನಿಸ್ಟ್ಸ್' ಪದದ ನಡುಭಾಗವಷ್ಟೇ ಅಳಿದು, ಅದರ ಮೊದಲಕ್ಷರಕ್ಕೂ ಬಾಲದ 'ಇಸ್ಟ್ಸ್'ಗೂ ನಡುವೆ 'ಡಿಸೈನ್ ಪ್ರೊಪೊನೆಂಟ್ಸ್' ತುರುಕಿಕೊಂಡಿತ್ತು. ಪರಿವರ್ತನೆಯ ಕೊಂಡಿ ತೋರಿಸಿ ಎಂದು ಸದಾ ಕೇಳುವವರ ಪುಸ್ತಕದಲ್ಲೇ ಕೊಂಡಿ ಸಿಕ್ಕಿತು. ಫಾರೆಸ್ಟ್ ಸಾಕ್ಷ್ಯವನ್ನು ತಡೆಯಲು ಮಂಡಳಿಯ ವಕೀಲರು ಅಷ್ಟೊಂದು ಪ್ರಯತ್ನಿಸಿದ್ದೇಕೆಂದು ಆಗ ಅರ್ಥವಾಯಿತು.

ಎರಡನೆಯದು 850 ಡಾಲರಿನ ಚೆಕ್. ಶಾಲೆಗೆ ಬಂದ 60 ಪ್ರತಿ 'ಪಾಂಡಾಸ್' ಯಾರ ದಾನವೆಂದು ಗೊತ್ತಿಲ್ಲ ಎಂಬ ಧಾಟಿಯಲ್ಲಿ ಮಂಡಳಿಯವರು ಮಾತಾಡಿದ್ದರು. ಹಣ ಎತ್ತಿದ್ದು ಒಬ್ಬ ಸದಸ್ಯರ ಚರ್ಚಿನಲ್ಲಿ, ಚೆಕ್ ಹೋದದ್ದು ಮತ್ತೊಬ್ಬ ಸದಸ್ಯರ ತಂದೆಯ ಹೆಸರಿಗೆ. ಜನವರಿಯಲ್ಲಿ ಪ್ರಮಾಣ ಮಾಡಿದಾಗ ಇದನ್ನೇಕೆ ಹೇಳಲಿಲ್ಲವೆಂದು ನ್ಯಾಯಾಧೀಶರೇ ಖುದ್ದಾಗಿ ಪ್ರಶ್ನಿಸತೊಡಗಿದರು. ಸೃಷ್ಟಿವಾದದ ಮಾತನ್ನೇ ಆಡಿಲ್ಲವೆಂದಿದ್ದ ಸದಸ್ಯರು ಅದೇ ಪದ ಬಳಸಿದ್ದ ದೂರದರ್ಶನ ಸಂದರ್ಶನದ ತುಣುಕೂ ನ್ಯಾಯಾಲಯದಲ್ಲಿ ಓಡಿತು.

ಕೊನೆಯ ದಿನ ಮಂಡಳಿಯ ವಕೀಲರು, ಇಂದಿಗೆ ವಿಚಾರಣೆಗೆ ನಲವತ್ತು ದಿನ, ಇಂದು ರಾತ್ರಿಗೆ ನಲವತ್ತು ರಾತ್ರಿ, ಬೇಕೆಂದೇ ಹೀಗೆ ಮಾಡಿದಿರಾ ಎಂದು ಬೈಬಲ್ಲಿನ ಜಲಪ್ರಳಯ ನೆನಪಿಸಿ ಕೇಳಿದರು. ಕಾಕತಾಳೀಯ, ಆದರೆ ವಿನ್ಯಾಸವಲ್ಲ ಎಂದರು ಜೋನ್ಸ್.

ತೀರ್ಪು ಮತ್ತು ಅದರ ಗಡಿ

ನವೆಂಬರ್ 8ರ ಚುನಾವಣೆಯಲ್ಲಿ ಎಂಟು ಸ್ಥಾನಗಳಿಗೆ ನಿಂತಿದ್ದ ಹಳೆಯ ಸದಸ್ಯರೆಲ್ಲ ಸೋತರು. ಅದೇ ದಿನ ಕಾನ್ಸಾಸ್ ಮಂಡಳಿ 6–4 ಮತದಿಂದ ವಿಕಾಸವಿರೋಧಿ ಮಾನದಂಡಕ್ಕೆ ಒಪ್ಪಿಗೆ ಕೊಟ್ಟಿತು. ಅದು ತಿದ್ದುಪಡಿಯಾಗಲು ಇನ್ನೊಂದು ಚುನಾವಣೆ ದಾಟಿ 2007ರ ಫೆಬ್ರವರಿ ಬರಬೇಕಾಯಿತು.

ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ವಿನ್ಯಾಸವಾದ ವಿಜ್ಞಾನವಲ್ಲ, ಮಂಡಳಿಯ ಉದ್ದೇಶ ಧಾರ್ಮಿಕ, ಹೇಳಿಕೆ ಸಂವಿಧಾನಬಾಹಿರ. ವಿಜ್ಞಾನವಲ್ಲ ಎನ್ನಲು ನ್ಯಾಯಾಧೀಶರು ಕೊಟ್ಟ ಕಾರಣ ಮೂರು: ಅತೀಂದ್ರಿಯ ಕಾರಣಕ್ಕೆ ಎಡೆ ಕೊಡುತ್ತದೆ, 'ವಿಕಾಸ ಅಲ್ಲವಾದರೆ ವಿನ್ಯಾಸವೇ' ಎಂಬ ಎಂಬತ್ತರ ದಶಕದ ಸುಳ್ಳು ಇಬ್ಬಗೆಯನ್ನೇ ಬಳಸುತ್ತದೆ, ವಿಕಾಸದ ಮೇಲಿನ ಅದರ ಟೀಕೆಗಳನ್ನು ವಿಜ್ಞಾನಿಗಳು ಖಂಡಿಸಿಯಾಗಿದೆ. ಸೋತ ಜಿಲ್ಲೆ ತೆರಬೇಕಾದ, ಪೋಷಕರ ಕಡೆಯ ಕಾನೂನು ವೆಚ್ಚ 20 ಲಕ್ಷ ಡಾಲರ್ ದಾಟಿತ್ತು. ಹೊಸ ಮಂಡಳಿಯೊಂದಿಗೆ 10 ಲಕ್ಷಕ್ಕೆ ರಾಜಿಯಾಯಿತು, ಜೊತೆಗೆ ಹನ್ನೊಂದು ಪೋಷಕರಿಗೆ ತಲಾ ಒಂದು ಡಾಲರ್.

ಹೊಸ ಮಂಡಳಿ ಮೇಲ್ಮನವಿ ಹೋಗಲಿಲ್ಲ. ಆದ್ದರಿಂದ ತೀರ್ಪಿನ ಬಂಧನ ಪೆನ್ಸಿಲ್ವೇನಿಯಾದ ಆ ಒಂದು ನ್ಯಾಯಾಲಯ ವ್ಯಾಪ್ತಿಗಷ್ಟೇ, ಉಳಿದೆಡೆ ಅದರ ತೂಕ ಉದಾಹರಣೆಯದು. ತರಗತಿಯೊಳಗಿನ ಚಿತ್ರ ಇನ್ನೂ ಮಂಕು. ಅಮೆರಿಕದ ಪ್ರೌಢಶಾಲಾ ಜೀವಶಾಸ್ತ್ರ ಶಿಕ್ಷಕರ ಸಮೀಕ್ಷೆಯೊಂದು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಕಾಸವನ್ನು ನೇರವಾಗಿ ಕಲಿಸುವವರು ಸುಮಾರು 28 ಶೇಕಡ, ಸೃಷ್ಟಿವಾದದ ಪರ ಮಾತಾಡುವವರು ಸುಮಾರು 13. ಉಳಿದ 60ರಷ್ಟು ಮಂದಿ ಗಲಾಟೆ ಬೇಡವೆಂದು ಮೇಲೆಮೇಲೆ ಮುಟ್ಟಿ ಮುಂದೆ ಹೋಗುವವರು. ಅವರನ್ನು ಯಾವ ನ್ಯಾಯಾಲಯಕ್ಕೂ ಎಳೆಯಲಾಗದು.

ನಮ್ಮಲ್ಲಿನ ಪ್ರಶ್ನೆ ಬೇರೆ ಬಗೆಯದು. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯದಿಂದ ಬದಲಾಗಬೇಕು ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ರಾಷ್ಟ್ರೀಯ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಖಂಡಿಸಿದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯವನ್ನು ಬರೀ 'ಅನುವಂಶೀಯತೆ' ಮಾಡಿದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಮನವಿಗೆ ಸಹಿ ಹಾಕಿದರು. ಆದರೆ ಡೋವರ್‌ನ ಹತ್ಯಾರಗಳು ಇಲ್ಲಿ ಕೈಗೆ ಬರುವುದಿಲ್ಲ. ಅಲ್ಲಿ ಸೇರಿಸಿದ್ದಕ್ಕೆ ತಕರಾರು, ಇಲ್ಲಿ ತೆಗೆದದ್ದಕ್ಕೆ. ಇಲ್ಲಿ ಕಾಗದದ ಮೇಲಿರುವ ಕಾರಣ ಮಕ್ಕಳ ಹೊರೆ ಇಳಿಸುವುದು. ಚರ್ಚಿನ ಚೆಕ್ಕಿನಂಥದ್ದು, ತಿದ್ದಿದ ಕರಡಿನಂಥದ್ದು ಯಾವುದೂ ಇಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ ಎನ್ನುವ ನಮ್ಮ ಸಂವಿಧಾನದ 51ಎ(ಎಚ್) ವಿಧಿ ನಾಗರಿಕರ ಮೂಲಭೂತ ಕರ್ತವ್ಯ, ಹಕ್ಕಿನಂತೆ ನ್ಯಾಯಾಲಯದಲ್ಲಿ ನೇರವಾಗಿ ಕೇಳಿ ಪಡೆಯುವಂಥದ್ದಲ್ಲ. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಹಾಗೆಯೇ ಇದೆ. ಹತ್ತರ ನಂತರ ವಾಣಿಜ್ಯ, ಕಲೆ ಅಥವಾ ಗಣಿತ-ಕಂಪ್ಯೂಟರ್ ಹಿಡಿದವರಿಗೆ ಅದು ಎದುರಾಗುವುದೇ ಇಲ್ಲ.